ಹೃದ್ರೋಗಿಗಳ ಆರೋಗ್ಯ ಸ್ಥಿತಿ ಮತ್ತು ಜೀವನ ಗುಣಮಟ್ಟವನ್ನು ಅಳೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹೃದಯ ಒಂದು ಬಡಿತಕ್ಕೆ ಎಷ್ಟು ರಕ್ತವನ್ನು ಹೊರದಬ್ಬುತ್ತದೆ ಎಂಬುದನ್ನು ಎಕೋ ವರದಿ ಹೇಳುತ್ತದೆ. ಯಾವ ರಕ್ತನಾಳ ಎಷ್ಟು ಕಿರಿದಾಗಿದೆ ಎಂಬುದನ್ನು ಆಂಜಿಯೋಗ್ರಾಂ ತೋರಿಸುತ್ತದೆ. ಆದರೆ ಮಹಡಿ ಹತ್ತುವಾಗ ನಡುವೆ ನಿಂತು ಉಸಿರು ಸುಧಾರಿಸಿಕೊಳ್ಳಬೇಕಾಗುತ್ತದೆಯೇ, ರಾತ್ರಿ ಮಲಗಲು ಎರಡು ದಿಂಬು ಬೇಕೇ, ಎದೆ ಸ್ವಲ್ಪ ಹಿಡಿದಂತಾದರೂ ಮನಸ್ಸು ಹೌಹಾರುತ್ತದೆಯೇ ಎಂಬುದು ಈ ಯಾವ ವರದಿಯಲ್ಲೂ ಇರುವುದಿಲ್ಲ. ಅದನ್ನು ರೋಗಿಯನ್ನೇ ಕೇಳಬೇಕು, ಕೇಳುವುದಕ್ಕೂ ಒಂದು ಶಿಸ್ತು ಬೇಕು. ರೋಗಿಗಳು, ಮನೆಯವರು, ನರ್ಸಿಂಗ್ ಮತ್ತು ವೈದ್ಯಕೀಯ ವಿದ್ಯಾರ್ಥಿಗಳು ಈ ವಿಷಯದಲ್ಲಿ ಎತ್ತುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ.

ಆರೋಗ್ಯ ಸ್ಥಿತಿ, ಜೀವನ ಗುಣಮಟ್ಟ ಎರಡೂ ಒಂದೇ ಅಲ್ಲವೇ?

ಮಾತಿನಲ್ಲಿ ಎರಡನ್ನೂ ಬೆರೆಸಿ ಬಳಸುತ್ತಾರೆ, ಆದರೆ ಅಳೆಯಲು ಕುಳಿತಾಗ ಬೇರ್ಪಡಿಸಬೇಕಾಗುತ್ತದೆ. ಹೃದ್ರೋಗದಲ್ಲಿ ಆರೋಗ್ಯ ಸ್ಥಿತಿ ಎಂದರೆ ಮೂರು ಪದರ. ಮೊದಲನೆಯದು ಲಕ್ಷಣಗಳು: ಎದೆನೋವು, ಏದುಸಿರು, ಸುಸ್ತು, ಕಾಲು ಬಾವು, ಎದೆಬಡಿತ ತಪ್ಪಿದಂತಾಗುವುದು. ಎರಡನೆಯದು, ಆ ಲಕ್ಷಣಗಳಿಂದ ನಿತ್ಯದ ಕೆಲಸಕ್ಕೆ, ಓಡಾಟಕ್ಕೆ, ಜನರೊಡನೆ ಬೆರೆಯುವುದಕ್ಕೆ ಆಗುವ ಅಡ್ಡಿ. ಮೂರನೆಯದು, ಈ ಅಡ್ಡಿಯ ಬಗ್ಗೆ ರೋಗಿಗೆ ಏನನ್ನಿಸುತ್ತದೆ ಎಂಬುದು. ಈ ಮೂರನೆಯ ಪದರವನ್ನೇ ಹೃದ್ರೋಗ ತಜ್ಞರು ಸಾಮಾನ್ಯವಾಗಿ ಜೀವನ ಗುಣಮಟ್ಟ ಎನ್ನುತ್ತಾರೆ.

ಒಂದೇ ಪ್ರಮಾಣದ ಏದುಸಿರು ಇರುವ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬರು ನಿವೃತ್ತರು, ಓದುತ್ತಾ ಕೂರುವುದರಲ್ಲೇ ಅವರಿಗೆ ಸಂತೋಷ. ಇನ್ನೊಬ್ಬರದು ಕಟ್ಟಡದ ಕೆಲಸ, ಮೂಟೆ ಹೊರದಿದ್ದರೆ ಸಂಬಳವಿಲ್ಲ. ಇಬ್ಬರ ಲಕ್ಷಣವೂ ಒಂದೇ, ಬದುಕಿಗೆ ಬಿದ್ದ ಪೆಟ್ಟು ಮಾತ್ರ ಬೇರೆ ಬೇರೆ. ಹಣಕಾಸು, ವಸತಿ, ಸಂಬಂಧಗಳು ಕೂಡ ಜೀವನ ಗುಣಮಟ್ಟವನ್ನು ನಿರ್ಧರಿಸುತ್ತವೆ, ನಿಜ. ಚಿಕಿತ್ಸೆಯಿಂದ ಅವು ನೇರವಾಗಿ ಬದಲಾಗುವುದಿಲ್ಲವಾದ್ದರಿಂದ ಇಲ್ಲಿ ಅಳೆಯುವುದು ಆರೋಗ್ಯಕ್ಕೆ ಸಂಬಂಧಿಸಿದ ಭಾಗವನ್ನಷ್ಟೇ.

ಎಕೋ, ಇಸಿಜಿ, ರಕ್ತಪರೀಕ್ಷೆ ಎಲ್ಲ ಇರುವಾಗ ಪ್ರಶ್ನಾವಳಿ ಏಕೆ?

ಅವು ಹೃದಯವನ್ನು ಅಳೆಯುತ್ತವೆ, ಇದು ಆ ಹೃದಯವನ್ನು ಹೊತ್ತವರ ದಿನಚರಿಯನ್ನು ಅಳೆಯುತ್ತದೆ. ಎರಡರ ನಡುವಿನ ನಂಟು ನಾವು ಭಾವಿಸುವುದಕ್ಕಿಂತ ಸಡಿಲ. ಎಜೆಕ್ಷನ್ ಫ್ರ್ಯಾಕ್ಷನ್ (ಹೃದಯ ಒಂದು ಬಡಿತಕ್ಕೆ ಹೊರದಬ್ಬುವ ರಕ್ತದ ಪಾಲು) ಶೇ 30 ಇದ್ದೂ ದಿನವೆಲ್ಲ ಓಡಾಡಿಕೊಂಡಿರುವವರಿದ್ದಾರೆ. ಅದು ಸಹಜ ಮಟ್ಟದಲ್ಲೇ ಇದ್ದು, ಸ್ನಾನ ಮುಗಿಸುವಷ್ಟರಲ್ಲಿ ಏದುಸಿರು ಬಿಡುವವರೂ ಇದ್ದಾರೆ. ಹೃದಯ ಸರಿಯಾಗಿ ಸಡಿಲಗೊಳ್ಳದೆ ಉಂಟಾಗುವ ಹೃದಯ ವೈಫಲ್ಯದಲ್ಲಿ (ದೇಹಕ್ಕೆ ಬೇಕಾದಷ್ಟು ರಕ್ತವನ್ನು ಹೃದಯ ಸರಿಯಾಗಿ ಒದಗಿಸಲಾಗದ ಸ್ಥಿತಿ) ಹೀಗಾಗುತ್ತದೆ.

ಇನ್ನೊಂದು ಕಾರಣವೂ ಇದೆ. ಹೃದಯ ಚಿಕಿತ್ಸೆಯ ಗುರಿಗಳು ಎರಡೇ: ಆಯಸ್ಸು ಹೆಚ್ಚಿಸುವುದು, ಇರುವ ಆಯಸ್ಸನ್ನು ಹಗುರಾಗಿಸುವುದು. ಮೊದಲನೆಯದನ್ನು ನಾವು ಬಹಳ ಕಟ್ಟುನಿಟ್ಟಾಗಿ ಎಣಿಸುತ್ತೇವೆ. ಎರಡನೆಯದನ್ನು ಮಾತ್ರ ಅಂದಾಜಿಗೆ ಬಿಡುವುದರಲ್ಲಿ ಅರ್ಥವಿಲ್ಲ. ಇದಲ್ಲದೆ, ಹೃದಯ ವೈಫಲ್ಯದಲ್ಲಿ ಪ್ರಶ್ನಾವಳಿಯ ಅಂಕ ಕಡಿಮೆ ಇದ್ದಷ್ಟೂ ಮುಂದೆ ಆಸ್ಪತ್ರೆಗೆ ಸೇರುವ ಮತ್ತು ಸಾವಿನ ಅಪಾಯ ಹೆಚ್ಚು ಎಂದು ಹಲವು ಅಧ್ಯಯನಗಳು ತೋರಿಸಿವೆ. ರೋಗಿಯ ಮಾತು ಬರೀ ಭಾವನೆ ಎನ್ನುವವರಿಗೆ ಇದೊಂದೇ ಉತ್ತರ ಸಾಕು.

ವೈದ್ಯರು ಚೀಟಿಯಲ್ಲಿ "ಕ್ಲಾಸ್ 2", "ಕ್ಲಾಸ್ 3" ಎಂದು ಬರೆಯುತ್ತಾರಲ್ಲ, ಅದು ಇದೇ ಅಳತೆಯೇ?

ಅದು ನ್ಯೂಯಾರ್ಕ್ ಹಾರ್ಟ್ ಅಸೋಸಿಯೇಷನ್ 1928ರಲ್ಲಿ ರೂಪಿಸಿದ ವರ್ಗೀಕರಣ. ಸಾಮಾನ್ಯ ಚಟುವಟಿಕೆಗೆ ತೊಂದರೆಯಿಲ್ಲದಿದ್ದರೆ 1, ಸ್ವಲ್ಪ ತೊಂದರೆಯಾದರೆ 2, ಸಾಮಾನ್ಯಕ್ಕಿಂತ ಕಡಿಮೆ ಶ್ರಮಕ್ಕೂ ಲಕ್ಷಣ ಕಾಣಿಸಿಕೊಂಡರೆ 3, ಸುಮ್ಮನೆ ಕುಳಿತಾಗಲೂ ಇದ್ದರೆ 4. ಎದೆನೋವಿಗೆ ಇದೇ ಮಾದರಿಯ ಕೆನಡಾದ ವರ್ಗೀಕರಣವೊಂದು 1976ರಲ್ಲಿ ಬಂತು.

ಎರಡೂ ಉಪಯುಕ್ತ, ಎರಡಕ್ಕೂ ಅರ್ಧ ನಿಮಿಷ ಸಾಕು. ತೊಡಕೆಂದರೆ, ಅಂಕ ಕೊಡುವವರು ವೈದ್ಯರು, ರೋಗಿಯಲ್ಲ. 1981ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಬ್ಬರೇ ರೋಗಿಯನ್ನು ಇಬ್ಬರು ವೈದ್ಯರು ಪ್ರತ್ಯೇಕವಾಗಿ ನೋಡಿ ನ್ಯೂಯಾರ್ಕ್ ವರ್ಗ ಗುರುತಿಸಿದಾಗ, ಇಬ್ಬರ ಉತ್ತರವೂ ಹೊಂದಿದ್ದು ಶೇ 56ರಷ್ಟು ಸಲ ಮಾತ್ರ. ಕೆನಡಾದ ವರ್ಗೀಕರಣ ಶೇ 73ರೊಂದಿಗೆ ತುಸು ಮೇಲಿತ್ತು. ಜೊತೆಗೆ, ನಾಲ್ಕೇ ಮೆಟ್ಟಿಲಿನ ಅಳತೆಯಲ್ಲಿ ಸಣ್ಣ ಸುಧಾರಣೆ ಕಾಣುವುದೇ ಇಲ್ಲ. ವರ್ಗ 3ರೊಳಗೇ ರೋಗಿ ಎಷ್ಟೋ ಚೇತರಿಸಿಕೊಂಡಿರಬಹುದು, ಚೀಟಿಯಲ್ಲಿ ಮಾತ್ರ ಅದೇ 3.

"ಹೇಗಿದ್ದೀರಿ?" ಎಂದು ವೈದ್ಯರು ಕೇಳಿದರೆ ಸಾಲದೇ?

ಸಾಲದು. ಈ ಪುಟದಲ್ಲಿ ಬೇರೇನನ್ನು ಓದದಿದ್ದರೂ ಇದರ ಕಾರಣವನ್ನು ಓದಬೇಕು.

"ಹೇಗಿದ್ದೀರಿ?" ಎಂಬುದಕ್ಕೆ ಉತ್ತರ "ಪರವಾಗಿಲ್ಲ ಡಾಕ್ಟ್ರೇ" ಎಂದೇ ಬರುತ್ತದೆ. ಇದು ಸೌಜನ್ಯ. ಹೊರಗೆ ಸರದಿಯಲ್ಲಿ ಕುಳಿತವರಿದ್ದಾರೆ, ವೈದ್ಯರಿಗೆ ಬೇಸರವಾಗಬಾರದು, ಇನ್ನೊಂದು ಪರೀಕ್ಷೆ ಬರೆದುಬಿಟ್ಟರೆ ಎಂಬ ಅಳುಕು ಬೇರೆ. ಇವೆಲ್ಲ ಸೇರಿ ಆ ಒಂದು ಪದ ಹುಟ್ಟುತ್ತದೆ. ಸೌಜನ್ಯವನ್ನು ಪಕ್ಕಕ್ಕಿಟ್ಟರೂ ಅದಕ್ಕಿಂತ ದೊಡ್ಡ ತೊಡಕೊಂದು ಉಳಿಯುತ್ತದೆ: ರೋಗಿ ಸುಳ್ಳು ಹೇಳುತ್ತಿರುವುದಿಲ್ಲ, ಅವರಿಗೆ ನಿಜವಾಗಿಯೂ ನೋವಿಲ್ಲ. ಏಕೆಂದರೆ ನೋವು ಬರುವ ಕೆಲಸಗಳನ್ನೆಲ್ಲ ಅವರು ಒಂದೊಂದಾಗಿ ಬಿಟ್ಟಿದ್ದಾರೆ. ಮೊದಲು ಏರು ದಾರಿ ಬಿಟ್ಟರು, ಆಮೇಲೆ ಬೆಳಗಿನ ನಡಿಗೆ, ಆಮೇಲೆ ಮಹಡಿಯ ಕೋಣೆ. ಈಗ ಎದೆನೋವು ಸೊನ್ನೆ, ಓಡಾಟವೂ ಬಹುತೇಕ ಸೊನ್ನೆ. ಇದನ್ನು ತಾವೇ ಗಮನಿಸಿರುವುದಿಲ್ಲ. ಕೇಳಿದರೆ "ವಯಸ್ಸಾಯಿತಲ್ಲ" ಎನ್ನುತ್ತಾರೆ. ಮನೆಯವರೂ ತಲೆಯಾಡಿಸುತ್ತಾರೆ.

ಒಳ್ಳೆಯ ಪ್ರಶ್ನಾವಳಿ ಇದಕ್ಕೆ ಬಲೆ ಬೀಸುತ್ತದೆ. ನೋವು ಎಷ್ಟು ಸಲ ಬಂತು ಎಂಬುದನ್ನು ಒಂದು ಕಡೆ ಕೇಳಿ, ಯಾವ ಕೆಲಸ ಎಷ್ಟರಮಟ್ಟಿಗೆ ಸಾಧ್ಯ ಎಂಬುದನ್ನು ಇನ್ನೊಂದು ಕಡೆ ಕೇಳುತ್ತದೆ. ಮೊದಲನೆಯದರ ಅಂಕ ಪೂರ್ತಿ ಇದ್ದು ಎರಡನೆಯದರದು ತಳ ಮುಟ್ಟಿದ್ದರೆ, ರೋಗ ಅಡಗಿ ಕುಳಿತಿದೆ ಎಂಬ ಸುಳಿವು ಸಿಕ್ಕಂತೆ.

ಇದು ಊಹೆಯ ಮಾತಲ್ಲ. ಅಮೆರಿಕದ 25 ಹೃದ್ರೋಗ ಚಿಕಿತ್ಸಾಲಯಗಳಲ್ಲಿ 1,257 ರೋಗಿಗಳ ಅಧ್ಯಯನವೊಂದು ನಡೆಯಿತು. ಹಿಂದಿನ ಒಂದು ತಿಂಗಳಲ್ಲಿ ಎದೆನೋವು ಬಂದಿತ್ತೆಂದು ಪ್ರಶ್ನಾವಳಿಯಲ್ಲಿ ಗುರುತು ಹಾಕಿದವರು 411. ಅವರಲ್ಲಿ ಶೇ 42ರಷ್ಟು ಜನರ ನೋವನ್ನು ಅದೇ ಭೇಟಿಯಲ್ಲಿ ಅವರ ವೈದ್ಯರು ಇರುವುದಕ್ಕಿಂತ ಕಡಿಮೆ ಎಂದು ಅಂದಾಜಿಸಿದ್ದರು. ಅವರೆಲ್ಲ ನುರಿತ ಹೃದ್ರೋಗ ತಜ್ಞರೇ. ಕೊರತೆ ಇದ್ದದ್ದು ಕೇಳುವ ಕ್ರಮದಲ್ಲಿ.

ಯಾವ ಯಾವ ಪ್ರಶ್ನಾವಳಿಗಳು ಬಳಕೆಯಲ್ಲಿವೆ?

ಎದೆನೋವಿಗೆ ಹೆಚ್ಚು ಬಳಕೆಯಲ್ಲಿರುವುದು ಸಿಯಾಟಲ್ ಆಂಜೈನಾ ಪ್ರಶ್ನಾವಳಿ. ಅಮೆರಿಕದ ಹೃದ್ರೋಗ ತಜ್ಞ ಜಾನ್ ಸ್ಪರ್ಟಸ್ ಮತ್ತು ಸಂಗಡಿಗರು 1990ರ ದಶಕದ ನಡುವಿನಲ್ಲಿ ರೂಪಿಸಿದ ಇದರಲ್ಲಿ 19 ಪ್ರಶ್ನೆಗಳಿವೆ. ಕಳೆದ ನಾಲ್ಕು ವಾರಗಳ ಬಗ್ಗೆ ಕೇಳುತ್ತದೆ. ದೈಹಿಕ ಮಿತಿ, ನೋವಿನ ಸ್ಥಿರತೆ, ನೋವು ಬರುವ ಪ್ರಮಾಣ, ಚಿಕಿತ್ಸೆಯ ಬಗೆಗಿನ ತೃಪ್ತಿ, ಜೀವನ ಗುಣಮಟ್ಟ ಎಂದು ಐದು ಭಾಗಗಳಿಗೆ ಬೇರೆ ಬೇರೆ ಅಂಕ. ಪ್ರತಿಯೊಂದೂ 0ಯಿಂದ 100, ಹೆಚ್ಚಿದ್ದಷ್ಟೂ ಒಳ್ಳೆಯದು. ನೋವಿನ ಪ್ರಮಾಣದಲ್ಲಿ 100 ಬಂದರೆ ನೋವೇ ಇಲ್ಲ, 61ರಿಂದ 99 ಎಂದರೆ ತಿಂಗಳಿಗೊಮ್ಮೆ ಎಂಬಂತೆ, 31ರಿಂದ 60 ವಾರಕ್ಕೊಮ್ಮೆ, 30 ಅಥವಾ ಅದಕ್ಕಿಂತ ಕಡಿಮೆ ಎಂದರೆ ಪ್ರತಿದಿನ. ಏಳೇ ಪ್ರಶ್ನೆಗಳ ಕಿರು ರೂಪವೂ ಇದೆ. ತುಂಬಿದ ಹೊರರೋಗಿ ವಿಭಾಗಕ್ಕೆ ಅದೇ ಸರಿ.

ಹೃದಯ ವೈಫಲ್ಯಕ್ಕೆ ಕಾನ್ಸಾಸ್ ಸಿಟಿ ಕಾರ್ಡಿಯೋಮಯೋಪತಿ ಪ್ರಶ್ನಾವಳಿ. 2000ದಲ್ಲಿ ಪ್ರಕಟವಾಯಿತು, 23 ಪ್ರಶ್ನೆಗಳು, ಕಿರು ರೂಪದಲ್ಲಿ 12. ಇದು ಕಳೆದ ಎರಡು ವಾರಗಳ ಬಗ್ಗೆ ಕೇಳುತ್ತದೆ. ಹೃದಯ ವೈಫಲ್ಯದಲ್ಲಿ ನೀರು ತುಂಬುವುದು, ಇಳಿಯುವುದು ಬೇಗ ಬೇಗ ಬದಲಾಗುವುದರಿಂದ ತಿಂಗಳಿಡೀ ನೆನಪಿಸಿಕೊಳ್ಳಲು ಹೇಳುವುದಕ್ಕಿಂತ ಇದು ಜಾಣತನ. ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ 2020ರಲ್ಲಿ ಇದನ್ನು ಔಷಧ ಪ್ರಯೋಗಗಳಲ್ಲಿ ಫಲಿತಾಂಶದ ಅಳತೆಯಾಗಿ ಬಳಸಬಹುದೆಂದು ಮಾನ್ಯ ಮಾಡಿತು. ಇದಕ್ಕಿಂತ ಹಳೆಯದು ಮಿನೆಸೋಟ ಪ್ರಶ್ನಾವಳಿ: 21 ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 5, ಒಟ್ಟು 105. ಗಮನಿಸಿ, ಇಲ್ಲಿ ಅಂಕ ಹೆಚ್ಚಿದ್ದಷ್ಟೂ ಸ್ಥಿತಿ ಕೆಟ್ಟದ್ದು. ಎರಡನ್ನೂ ಒಟ್ಟಿಗೆ ಬಳಸುವ ವಿದ್ಯಾರ್ಥಿಗಳು ತಲೆಕೆಳಗಾದ ಕೋಷ್ಟಕ ಬರೆಯುವುದು ಇದರಿಂದಲೇ.

ಹೃದಯಾಘಾತದ ನಂತರದ ಪುನಶ್ಚೇತನ ಶಿಬಿರಗಳಲ್ಲಿ 27 ಪ್ರಶ್ನೆಗಳ ಮ್ಯಾಕ್‌ನ್ಯೂ ಸಿಗುತ್ತದೆ. ಎದೆನೋವು, ಹೃದಯಾಘಾತ, ಹೃದಯ ವೈಫಲ್ಯ ಮೂರಕ್ಕೂ ಒಂದೇ ಅಳತೆ ಬೇಕೆಂದವರು 14 ಪ್ರಶ್ನೆಗಳ ಹಾರ್ಟ್‌ಕ್ಯೂಒಎಲ್ ಬಳಸುತ್ತಾರೆ. ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಬಡಿಯುವ ಏಟ್ರಿಯಲ್ ಫಿಬ್ರಿಲೇಷನ್‌ಗೆ 20 ಪ್ರಶ್ನೆಗಳ ಎಎಫ್‌ಇಕ್ಯೂಟಿ ಇದೆ.

ಎಲ್ಲ ರೋಗಗಳಿಗೂ ಆಗುವ ಸಾಮಾನ್ಯ ಪ್ರಶ್ನಾವಳಿ ಬಳಸಿದರೆ ಏನಾಗುತ್ತದೆ?

ಬಳಸಬಹುದು, ಉದ್ದೇಶ ಬೇರೆ. ಎಂಟು ಭಾಗಗಳ ಎಸ್‌ಎಫ್-36, ಐದು ಆಯಾಮಗಳ ಇಕ್ಯೂ-5ಡಿ, ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳ ಕಿರು ಪ್ರಶ್ನಾವಳಿ ಇವೆಲ್ಲ ಈ ಗುಂಪಿನವು. ಹೃದ್ರೋಗಿಯನ್ನು ಸಂಧಿವಾತದ ರೋಗಿಯೊಡನೆಯೋ ಆರೋಗ್ಯವಂತರೊಡನೆಯೋ ಹೋಲಿಸಬೇಕಾದರೆ ಇವು ಬೇಕೇ ಬೇಕು. ಆದರೆ ಹೃದಯದ ಔಷಧ ಬದಲಿಸಿದ್ದರಿಂದ ಏನಾಯಿತು ಎಂಬ ಸೂಕ್ಷ್ಮ ಬದಲಾವಣೆ ಇವುಗಳಿಗೆ ಅಷ್ಟಾಗಿ ಸಿಗುವುದಿಲ್ಲ. ಮೂಟೆ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದಂತೆ. ಸಂಶೋಧನೆಯಲ್ಲಿ ರೂಢಿ ಎಂದರೆ ಸಾಮಾನ್ಯದ್ದೊಂದು, ರೋಗಕ್ಕೆಂದೇ ಇರುವುದೊಂದು, ಎರಡನ್ನೂ ಜೊತೆಗಿಡುವುದು.

ಅಂಕವನ್ನು ಹೇಗೆ ಲೆಕ್ಕ ಹಾಕುತ್ತಾರೆ?

ಹೆದರುವಂಥ ಗಣಿತವಿಲ್ಲ. ಕಾನ್ಸಾಸ್ ಸಿಟಿ ಪ್ರಶ್ನಾವಳಿಯ ದೈಹಿಕ ಮಿತಿಯ ಭಾಗವನ್ನೇ ನೋಡೋಣ. ಬಟ್ಟೆ ಹಾಕಿಕೊಳ್ಳುವುದು, ಸ್ನಾನ, ಸಮತಟ್ಟಾದ ದಾರಿಯಲ್ಲಿ ನಡೆಯುವುದು, ಮನೆಗೆಲಸ, ನಿಲ್ಲದೆ ಮಹಡಿ ಹತ್ತುವುದು, ಬಿರುಸಾಗಿ ಹೋಗುವುದು ಹೀಗೆ ಆರು ಚಟುವಟಿಕೆ. ಒಂದೊಂದಕ್ಕೂ 1 (ಬಹಳ ಕಷ್ಟ) ರಿಂದ 5 (ಏನೂ ಕಷ್ಟವಿಲ್ಲ). ರೋಗಿ ನಾಲ್ಕಕ್ಕೆ 3, 4, 2, 3 ಎಂದು ಗುರುತಿಸಿ, ಉಳಿದ ಎರಡಕ್ಕೆ "ಬೇರೆ ಕಾರಣದಿಂದ ಮಾಡಲಿಲ್ಲ" ಎಂದರು ಎನ್ನೋಣ. ನಾಲ್ಕರ ಸರಾಸರಿ 3. ಅದರಿಂದ ಕನಿಷ್ಠ ಅಂಕ 1ನ್ನು ಕಳೆದು, ಬಂದ 2ನ್ನು ಅಂತರ 4ರಿಂದ ಭಾಗಿಸಿ, 100ರಿಂದ ಗುಣಿಸಿದರೆ 50.

ದೈಹಿಕ ಮಿತಿ, ಲಕ್ಷಣಗಳು, ಸಾಮಾಜಿಕ ಮಿತಿ, ಜೀವನ ಗುಣಮಟ್ಟ ಈ ನಾಲ್ಕರ ಸರಾಸರಿಯೇ ಒಟ್ಟಾರೆ ಅಂಕ. 25ಕ್ಕಿಂತ ಕೆಳಗಿದ್ದರೆ ಸ್ಥಿತಿ ಬಹಳ ಹದಗೆಟ್ಟಿದೆ, 75 ದಾಟಿದರೆ ಚೆನ್ನಾಗಿದೆ. ಒಂದು ಸಲಹೆ: ಒಟ್ಟಾರೆ ಅಂಕವನ್ನಷ್ಟೇ ನೋಡಿ ಮುಗಿಸಬೇಡಿ. ಲಕ್ಷಣ 80, ಸಾಮಾಜಿಕ ಮಿತಿ 20 ಇದ್ದರೂ ಸರಾಸರಿ ಸಾಧಾರಣವಾಗಿಯೇ ಕಾಣುತ್ತದೆ. ಕಥೆ ಇರುವುದು ಆ ಅಂತರದಲ್ಲಿ.

ಅಂಕ ಎಷ್ಟು ಬದಲಾದರೆ ನಿಜವಾದ ಬದಲಾವಣೆ?

ಕಾನ್ಸಾಸ್ ಸಿಟಿ ಪ್ರಶ್ನಾವಳಿಯಲ್ಲಿ 5 ಅಂಕವನ್ನು ಸಣ್ಣದಾದರೂ ರೋಗಿಯ ಅನುಭವಕ್ಕೆ ಬರುವ ಬದಲಾವಣೆ ಎಂದು, 10ನ್ನು ಮಧ್ಯಮ, 20ನ್ನು ದೊಡ್ಡ ಬದಲಾವಣೆ ಎಂದು ಪರಿಗಣಿಸುತ್ತಾರೆ. ಮಿನೆಸೋಟದಲ್ಲೂ ಸುಮಾರು 5 ಅಂಕ.

ಇಲ್ಲಿ ಓದುಗರು ಸುಲಭವಾಗಿ ದಾರಿ ತಪ್ಪುವ ಜಾಗವೊಂದಿದೆ. ಒಂದು ಔಷಧ ಸರಾಸರಿ 2 ಅಂಕವಷ್ಟೇ ಸುಧಾರಿಸಿತು ಎಂದರೆ ಅದು ನಿಷ್ಪ್ರಯೋಜಕ ಎಂದಲ್ಲ. ಬಹುಪಾಲು ಜನರಿಗೆ ಏನೂ ಆಗದೆ, ಕೆಲವರಿಗೆ 20 ಅಂಕ ಏರಿದರೂ ಸರಾಸರಿ 2 ಆಗಬಹುದು. ಆದ್ದರಿಂದ 5 ಅಥವಾ ಹೆಚ್ಚು ಅಂಕ ಏರಿದವರು ಎಷ್ಟು ಮಂದಿ, ಅಷ್ಟೇ ಇಳಿದವರು ಎಷ್ಟು ಮಂದಿ ಎಂಬ ಲೆಕ್ಕವನ್ನು ಕೇಳಿ. ಪ್ರಾಮಾಣಿಕ ಅಧ್ಯಯನ ಎರಡನ್ನೂ ಕೊಡುತ್ತದೆ.

ರೋಗಿ ಹೇಳಿದ್ದನ್ನು ನಂಬುವುದು ಹೇಗೆ? ಅದು ಮನಸ್ಸಿಗೆ ಬಂದಂತೆ ಹೇಳಿದ್ದಲ್ಲವೇ?

ಪ್ರಶ್ನಾವಳಿಯನ್ನು ಬಳಕೆಗೆ ತರುವ ಮುನ್ನ ಇದನ್ನೇ ಪರೀಕ್ಷಿಸುತ್ತಾರೆ. ಸ್ಥಿತಿ ಬದಲಾಗದ ರೋಗಿಗೆ ಕೆಲವು ದಿನ ಬಿಟ್ಟು ಮತ್ತೆ ಕೊಟ್ಟರೆ ಅಂಕ ಹೆಚ್ಚುಕಡಿಮೆ ಅಷ್ಟೇ ಬರಬೇಕು. ಹೆಚ್ಚು ನಡೆಯಬಲ್ಲವರ ದೈಹಿಕ ಅಂಕ ಹೆಚ್ಚಿರಬೇಕು. ಹೃದಯ ವೈಫಲ್ಯ ಉಲ್ಬಣಿಸಿ ಆಸ್ಪತ್ರೆಗೆ ಸೇರಿದವರು ಚೇತರಿಸಿಕೊಂಡಾಗ ಅಂಕ ಏರಬೇಕು. ಮೂರನ್ನೂ ದಾಟಿದ ಪ್ರಶ್ನಾವಳಿಯೇ ಅಳತೆಗೋಲು. ಸಭೆಯೊಂದರಲ್ಲಿ ಕುಳಿತು ನಾಲ್ಕು ಜನ ಬರೆದ ಹತ್ತು ಪ್ರಶ್ನೆಗಳ ಹಾಳೆ, ನೋಡಲು ಎಷ್ಟೇ ಚೆನ್ನಾಗಿದ್ದರೂ, ಅಳತೆಗೋಲಲ್ಲ. ಸ್ನಾತಕೋತ್ತರ ಪ್ರಬಂಧಕ್ಕೆಂದು ಹೊಸ ಪ್ರಶ್ನಾವಳಿ ತಯಾರಿಸಲು ಹೊರಟವರು ಇದನ್ನು ಎರಡು ಸಲ ಓದಬೇಕು.

ಮಂಡಿನೋವಿನಿಂದ ನಡೆಯಲಾಗುವುದಿಲ್ಲ. ಹಾಗಾದರೆ ಹೃದಯದ ಅಂಕ ಕಡಿಮೆಯಾಗುತ್ತದೆಯೇ?

ಅದಕ್ಕಾಗಿಯೇ "ಬೇರೆ ಕಾರಣದಿಂದ" ಎಂಬ ಆಯ್ಕೆ ಇದೆ. ಅದನ್ನು ಗುರುತಿಸಿದ ಪ್ರಶ್ನೆ ಲೆಕ್ಕದಿಂದ ಹೊರಗುಳಿಯುತ್ತದೆ. ಆದರೆ ಏದುಸಿರು ಶ್ವಾಸಕೋಶದ್ದೋ ಹೃದಯದ್ದೋ ಎಂದು ರೋಗಿಗೇ ಗೊತ್ತಿರದಿದ್ದರೆ ಪ್ರಶ್ನಾವಳಿಗೂ ಗೊತ್ತಾಗುವುದಿಲ್ಲ. ಆ ಮಿತಿಯನ್ನು ಒಪ್ಪಿಕೊಂಡೇ ಬಳಸಬೇಕು.

ಅಪ್ಪನಿಗೆ ಓದಲು ಕಷ್ಟ. ಅವರ ಪರವಾಗಿ ನಾನೇ ತುಂಬಬಹುದೇ?

ಓದಿ ಹೇಳಬಹುದು, ಅವರು ಹೇಳಿದ್ದಕ್ಕೆ ಗುರುತು ಹಾಕಬಹುದು. ಅವರ ಬದಲು ನೀವೇ ಯೋಚಿಸಿ ಉತ್ತರಿಸಬಾರದು. ಅಕ್ಕರೆಯಿಂದ ನೋಡಿಕೊಳ್ಳುವವರು ರೋಗಿಯ ಸಂಕಟವನ್ನು ಹೆಚ್ಚಾಗಿ ಅಂದಾಜಿಸುವುದು ಸಾಮಾನ್ಯ. ಓದುವಾಗ "ಅಷ್ಟೇನೂ ಕಷ್ಟವಿಲ್ಲ ಅಲ್ಲವೇ ಅಪ್ಪಾ?" ಎಂಬ ಧಾಟಿ ಬೇಡ, ಹಾಳೆಯಲ್ಲಿರುವಂತೆ ಓದಿ, ಎಲ್ಲ ಆಯ್ಕೆಗಳನ್ನೂ ಓದಿ, ಸುಮ್ಮನೆ ಕಾಯಿರಿ. ಸಾಧ್ಯವಾದರೆ ವೈದ್ಯರನ್ನು ಕಾಣುವ ಮೊದಲೇ ತುಂಬಿಸಿ. "ಎಲ್ಲ ಸರಿಯಿದೆ" ಎಂದು ವೈದ್ಯರು ಹೇಳಿದ ಮೇಲೆ ಬರುವ ಉತ್ತರ ಬೇರೆಯೇ ಆಗಿರುತ್ತದೆ.

ಸ್ಟೆಂಟ್ ಹಾಕಿಸಿಕೊಂಡರೆ ಜೀವನ ಗುಣಮಟ್ಟ ಸುಧಾರಿಸುತ್ತದೆಯೇ?

ಹೃದಯಾಘಾತ ಆಗುತ್ತಿರುವಾಗ ಹಾಕುವ ಸ್ಟೆಂಟ್ (ಕಿರಿದಾದ ರಕ್ತನಾಳವನ್ನು ತೆರೆದಿಡುವ ಜಾಲರಿ ಕೊಳವೆ) ಜೀವ ಉಳಿಸುವ ಚಿಕಿತ್ಸೆ. ಅದನ್ನು ಈ ಚರ್ಚೆಗೆ ಎಳೆಯಬಾರದು. ಪ್ರಶ್ನೆ ಇರುವುದು ಸ್ಥಿರವಾದ ಎದೆನೋವಿನ, ಎಂದರೆ ಶ್ರಮಪಟ್ಟಾಗ ಬಂದು ವಿಶ್ರಾಂತಿಯಲ್ಲಿ ಇಳಿಯುವ ನೋವಿನ ವಿಷಯದಲ್ಲಿ. ಅಲ್ಲಿ ಉತ್ತರ ಸಿಕ್ಕಿದ್ದೇ ಇಂಥ ಅಳತೆಗಳಿಂದ.

2007ರಲ್ಲಿ ಪ್ರಕಟವಾದ ಕರೇಜ್ ಅಧ್ಯಯನದಲ್ಲಿ 2,287 ರೋಗಿಗಳಿದ್ದರು. ಅರ್ಧದಷ್ಟು ಜನರಿಗೆ ಔಷಧ ಮಾತ್ರ, ಉಳಿದವರಿಗೆ ಔಷಧದ ಜೊತೆ ಸ್ಟೆಂಟ್ ಚಿಕಿತ್ಸೆ. ಮೂರು ತಿಂಗಳಲ್ಲಿ ಎದೆನೋವಿಲ್ಲದವರು ಸ್ಟೆಂಟ್ ಗುಂಪಿನಲ್ಲಿ ಶೇ 53, ಔಷಧದ ಗುಂಪಿನಲ್ಲಿ ಶೇ 42. ಮೂರು ವರ್ಷ ಕಳೆಯುವಷ್ಟರಲ್ಲಿ ಈ ಅಂತರ ಬಹುತೇಕ ಅಳಿಸಿಹೋಗಿತ್ತು. 2020ರ ಇಸ್ಕೀಮಿಯಾ ಅಧ್ಯಯನ 5,179 ಜನರನ್ನು ಸೇರಿಸಿಕೊಂಡು ಇನ್ನೂ ಸ್ಪಷ್ಟವಾದ ಉತ್ತರ ಕೊಟ್ಟಿತು: ಲಾಭ ಎಷ್ಟು ಎಂಬುದು ಮೊದಲು ನೋವು ಎಷ್ಟಿತ್ತು ಎಂಬುದನ್ನು ಅವಲಂಬಿಸಿದೆ. ಪ್ರತಿದಿನ ಅಥವಾ ಪ್ರತಿವಾರ ನೋವಿದ್ದವರಲ್ಲಿ, ಒಂದು ವರ್ಷದ ನಂತರ ಸ್ಟೆಂಟ್ ಅಥವಾ ಬೈಪಾಸ್‌ನತ್ತ ಹೋದವರ ಪೈಕಿ ಸುಮಾರು ಶೇ 50ರಷ್ಟು ಜನ ನೋವಿನಿಂದ ಮುಕ್ತರಾಗಿದ್ದರು. ಮೊದಲಿಗೆ ಔಷಧವನ್ನೇ ನೆಚ್ಚಿದವರ ಪೈಕಿ ಸುಮಾರು ಶೇ 20. ನೋವೇ ಇಲ್ಲದವರಿಗೆ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ನೋವಿಲ್ಲದವರ ನೋವನ್ನು ಯಾವ ಚಿಕಿತ್ಸೆ ತಾನೆ ಕಡಿಮೆ ಮಾಡೀತು?

ಆದರೂ ಅನುಮಾನವೊಂದು ಉಳಿಯುತ್ತದೆ. ಸ್ಟೆಂಟ್ ಹಾಕಿದೆ ಎಂದು ಗೊತ್ತಿದ್ದವರು ಆ ಧೈರ್ಯದಿಂದಲೇ ಚೆನ್ನಾಗಿದ್ದೇನೆ ಎನ್ನಬಹುದಲ್ಲ? 2017ರ ಆರ್ಬಿಟಾ ಅಧ್ಯಯನ ಇದನ್ನು ನೇರವಾಗಿ ಪರೀಕ್ಷಿಸಿತು. 200 ರೋಗಿಗಳಲ್ಲಿ ಕೆಲವರಿಗೆ ಸ್ಟೆಂಟ್ ಹಾಕಿ, ಉಳಿದವರಿಗೆ ಹಾಕಿದಂತೆ ನಟಿಸಿ, ಯಾರಿಗೆ ಯಾವುದು ಎಂಬುದನ್ನು ರೋಗಿಗಳಿಂದ ಮುಚ್ಚಿಟ್ಟರು. ಚೆನ್ನಾಗಿ ಔಷಧ ತೆಗೆದುಕೊಳ್ಳುತ್ತಿದ್ದ ಆ ರೋಗಿಗಳಲ್ಲಿ ಆರು ವಾರಗಳ ನಂತರ ಎಷ್ಟು ಹೊತ್ತು ವ್ಯಾಯಾಮ ಮಾಡಬಲ್ಲರು ಎಂಬುದರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2023ರ ಎರಡನೆಯ ಆರ್ಬಿಟಾದಲ್ಲಿ ಎದೆನೋವಿನ ಔಷಧಗಳನ್ನು ನಿಲ್ಲಿಸಿ, 301 ರೋಗಿಗಳಿಂದ ಪ್ರತಿದಿನದ ಲಕ್ಷಣವನ್ನು ಮೊಬೈಲ್ ಆ್ಯಪ್‌ನಲ್ಲಿ ದಾಖಲಿಸಿಕೊಂಡರು. ಈ ಸಲ ಸ್ಟೆಂಟ್ ಪಡೆದವರ ನೋವು ಸ್ಪಷ್ಟವಾಗಿ ಕಡಿಮೆಯಾಗಿತ್ತು. ಎರಡನ್ನೂ ಒಟ್ಟಿಗೆ ಓದಿದರೆ ವಿರೋಧವಿಲ್ಲ: ಔಷಧ ತೆಗೆದುಕೊಂಡ ಮೇಲೂ ಉಳಿದ ನೋವಿನ ಪಾಲು ಎಷ್ಟೋ, ಸ್ಟೆಂಟ್‌ಗೆ ಕೆಲಸವೂ ಅಷ್ಟೇ. ಆದ್ದರಿಂದ ನಿರ್ಧಾರಕ್ಕೆ ಮುನ್ನ ನೋವನ್ನು ಅಳೆಯದಿದ್ದರೆ, ಚಿಕಿತ್ಸೆಯಿಂದ ಏನನ್ನು ನಿರೀಕ್ಷಿಸಬೇಕು ಎಂಬುದನ್ನು ರೋಗಿಗೆ ಹೇಳಲು ಯಾರಿಗೂ ಆಧಾರವಿರುವುದಿಲ್ಲ.

ಪರೀಕ್ಷೆಗಳೆಲ್ಲ ಹಿಂದಿನಂತೆಯೇ ಇವೆ, ಅಂಕ ಮಾತ್ರ ಏರಿದೆ. ಇದು ಹೇಗೆ?

ಹಲವು ಕಾರಣಗಳಿರಬಹುದು. ಹೃದಯ ಬದಲಾಗದಿದ್ದರೂ ನಡಿಗೆಯ ಅಭ್ಯಾಸದಿಂದ ಸ್ನಾಯುಗಳು ಪಳಗಿ ಕೆಲಸ ಹಗುರವಾಗಿರಬಹುದು. ಮೈಯಲ್ಲಿ ತುಂಬಿದ ನೀರು ಇಳಿಸುವ ಮಾತ್ರೆಯನ್ನು ಸರಿಯಾಗಿ ತೆಗೆದುಕೊಳ್ಳಲು ಕಲಿತಿರಬಹುದು. ಅಥವಾ ರೋಗಿಯ ಒಳಗಿನ ಅಳತೆಗೋಲೇ ಜರುಗಿರಬಹುದು: ಮೊದಲು ಎರಡು ಮಹಡಿ ಹತ್ತುವುದು ಸಾಮಾನ್ಯ ಎನಿಸಿದ್ದವರಿಗೆ ಈಗ ಒಂದು ಹತ್ತಿದರೂ ತೃಪ್ತಿ. ಅದನ್ನು ಮೋಸ ಎನ್ನಲಾಗದು, ಹೊಂದಿಕೊಳ್ಳುವುದೂ ಚೇತರಿಕೆಯ ಒಂದು ಬಗೆ. ಆದರೆ ಜೀವನ ಗುಣಮಟ್ಟದ ಅಂಕ ಏರಿ ದೈಹಿಕ ಮಿತಿಯ ಅಂಕ ನಿಂತಲ್ಲೇ ನಿಂತಿದ್ದರೆ ವೈದ್ಯರು ಅದನ್ನು ರೋಗ ಸುಧಾರಿಸಿದ ಲೆಕ್ಕಕ್ಕೆ ಸೇರಿಸಬಾರದು.

ಖಿನ್ನತೆಯನ್ನು ಬೇರೆಯಾಗಿ ಅಳೆಯಬೇಕೇ?

ಬೇಕು. ಹೃದಯಾಘಾತವಾದವರಲ್ಲಿ ಐವರಿಗೆ ಒಬ್ಬರಷ್ಟು ಜನರಲ್ಲಿ ಖಿನ್ನತೆ ಕಾಣಿಸಿಕೊಳ್ಳುತ್ತದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2008ರಲ್ಲೇ ಹೃದ್ರೋಗಿಗಳಲ್ಲಿ ಇದನ್ನು ಹುಡುಕಬೇಕೆಂದು ಸೂಚಿಸಿತ್ತು. ಸಾಮಾನ್ಯವಾಗಿ ಬಳಸುವುದು ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9. ಒಟ್ಟು 27, ಹತ್ತು ಅಥವಾ ಹೆಚ್ಚು ಬಂದರೆ ವಿಚಾರಿಸಬೇಕು. ಸುಸ್ತು, ನಿದ್ರೆಗೇಡು, ಹಸಿವಿಲ್ಲದಿರುವುದು ಹೃದಯ ವೈಫಲ್ಯದಲ್ಲೂ ಇರುವುದರಿಂದ ಈ ಅಂಕದಿಂದಲೇ ರೋಗನಿರ್ಣಯ ಮಾಡುವಂತಿಲ್ಲ, ಮಾತನಾಡಿಸಬೇಕು. ಒಂಬತ್ತನೆಯ ಪ್ರಶ್ನೆ ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದಕ್ಕೆ ಹೌದೆಂಬ ಗುರುತು ಬಿದ್ದಿದ್ದರೆ ಅದೇ ದಿನ ಯಾರಾದರೂ ಅವರೊಡನೆ ಕುಳಿತು ಮಾತನಾಡಲೇಬೇಕು. ಫಾರ್ಮ್ ತುಂಬಿಸಿಕೊಂಡು ಫೈಲಿಗೆ ಸೇರಿಸುವುದಾದರೆ ಕೇಳದಿರುವುದೇ ಮೇಲು.

ಇಂಗ್ಲಿಷ್ ಪ್ರಶ್ನಾವಳಿಯನ್ನು ನಾವೇ ಅನುವಾದಿಸಿಕೊಳ್ಳಬಹುದೇ?

ಮೊದಲು ಅಧಿಕೃತ ಅನುವಾದ ಇದೆಯೇ ನೋಡಿ. ಇಲ್ಲದಿದ್ದರೆ ಕ್ರಮವೊಂದಿದೆ: ಇಬ್ಬರು ಪ್ರತ್ಯೇಕವಾಗಿ ಅನುವಾದಿಸುತ್ತಾರೆ, ಎರಡನ್ನೂ ಸೇರಿಸಿ ಒಂದು ಮಾಡುತ್ತಾರೆ, ಮೂಲ ನೋಡಿರದ ಮತ್ತೊಬ್ಬರು ಅದನ್ನು ಇಂಗ್ಲಿಷಿಗೆ ಹಿಂದಿರುಗಿಸುತ್ತಾರೆ, ಆಮೇಲೆ ಕೆಲವು ರೋಗಿಗಳಿಗೆ ಕೊಟ್ಟು "ಈ ಪ್ರಶ್ನೆಯಿಂದ ನಿಮಗೆ ಏನು ಅರ್ಥವಾಯಿತು?" ಎಂದು ವಿಚಾರಿಸುತ್ತಾರೆ. ಕೊನೆಯ ಹಂತವನ್ನೇ ಹೆಚ್ಚಿನವರು ಹಾರಿಸಿಬಿಡುತ್ತಾರೆ, ಬೆಲೆ ಇರುವುದು ಅದಕ್ಕೇ. ಅಮೆರಿಕದ ಮೂಲದಲ್ಲಿ ನಡೆಯುವ ದೂರವನ್ನು ಬೀದಿಯ ಬ್ಲಾಕ್‌ಗಳಲ್ಲಿ ಹೇಳಿರುತ್ತದೆ, ಅಂಗಳದ, ಕೈತೋಟದ ಕೆಲಸವನ್ನು ಕೇಳಿರುತ್ತದೆ. ಹಾಗೆ ಬದುಕದವರಿಗೆ ಅಷ್ಟೇ ಶ್ರಮದ ಬೇರೊಂದು ಕೆಲಸ ಬೇಕು. ಅದನ್ನು ಆರಿಸುವುದು ಭಾಷೆ ಬಲ್ಲವರ ಕೆಲಸವಷ್ಟೇ ಅಲ್ಲ, ಹೃದಯದ ಮೇಲೆ ಬೀಳುವ ಹೊರೆಯನ್ನು ಬಲ್ಲವರ ಕೆಲಸವೂ ಹೌದು.

ಆರು ನಿಮಿಷದ ನಡಿಗೆ ಪರೀಕ್ಷೆ ಇದಕ್ಕೆ ಪರ್ಯಾಯವೇ?

ಪರ್ಯಾಯವಲ್ಲ, ಜೊತೆಗಾರ. 30 ಮೀಟರ್ ಉದ್ದದ ಹಜಾರದಲ್ಲಿ ಆರು ನಿಮಿಷ ನಡೆಸಿ ಕ್ರಮಿಸಿದ ದೂರ ಅಳೆಯುತ್ತಾರೆ. ಅದು ರೋಗಿ ಏನು ಮಾಡಬಲ್ಲರು ಎಂಬುದನ್ನು ಹೇಳುತ್ತದೆ. ಮನೆಯಲ್ಲಿ ಏನು ಮಾಡುತ್ತಾರೆ, ಅದರಿಂದ ಎಷ್ಟು ಹೈರಾಣಾಗುತ್ತಾರೆ ಎಂಬುದನ್ನು ಹೇಳುವುದಿಲ್ಲ. ಕೈಗಡಿಯಾರ ಎಣಿಸುವ ಹೆಜ್ಜೆಗಳಿಗೂ ಇದೇ ಮಾತು.

ಕ್ವಾಲಿ ಎಂದರೇನು?

ಆಯಸ್ಸಿನ ವರ್ಷಗಳನ್ನು ಅವುಗಳ ಗುಣಮಟ್ಟದಿಂದ ಗುಣಿಸಿದ ಲೆಕ್ಕ. ಪೂರ್ಣ ಆರೋಗ್ಯಕ್ಕೆ 1, ಸಾವಿಗೆ 0. ಗುಣಮಟ್ಟ 0.7 ಇರುವ ಸ್ಥಿತಿಯಲ್ಲಿ ಎರಡು ವರ್ಷ ಬದುಕಿದರೆ 1.4 ಕ್ವಾಲಿ. ಇಕ್ಯೂ-5ಡಿಯಂಥ ಪ್ರಶ್ನಾವಳಿಯಿಂದ ಈ 0.7 ಬರುತ್ತದೆ, ಅದರ ಐದು ಹಂತದ ರೂಪದಲ್ಲಿ 3,125 ಆರೋಗ್ಯ ಸ್ಥಿತಿಗಳು ಸಾಧ್ಯ. ಯಾವ ಚಿಕಿತ್ಸೆಗೆ ಸಾರ್ವಜನಿಕ ಹಣ ಕೊಡಬೇಕು ಎಂದು ನಿರ್ಧರಿಸುವವರಿಗೆ ಇದು ಬೇಕು. ಒಬ್ಬ ರೋಗಿಯ ಎದುರು ಕುಳಿತ ವೈದ್ಯರಿಗೆ ಇದರಿಂದ ಉಪಯೋಗವಿಲ್ಲ ಎಂದೇ ನನ್ನ ಅನಿಸಿಕೆ.

ಎಷ್ಟು ದಿನಕ್ಕೊಮ್ಮೆ ತುಂಬಬೇಕು?

ಚಿಕಿತ್ಸೆ ಆರಂಭಿಸುವ ಮುನ್ನ ಒಮ್ಮೆ ತುಂಬಲೇಬೇಕು. ಆ ಮೊದಲ ಅಂಕವಿಲ್ಲದಿದ್ದರೆ ನಂತರದ್ದಕ್ಕೆ ಅರ್ಥವಿಲ್ಲ. ಆಮೇಲೆ ಔಷಧ ಬದಲಾದಾಗ, ನಿಯಮಿತ ಭೇಟಿಗಳಲ್ಲಿ. ಪ್ರಶ್ನಾವಳಿ ನೆನಪಿಸಿಕೊಳ್ಳಲು ಹೇಳುವ ಅವಧಿಗಿಂತ ಬೇಗ ಬೇಗ ತುಂಬುವುದು ವ್ಯರ್ಥ. ಬೈಪಾಸ್ ಆದವರು ಮೊದಲ ಕೆಲವು ವಾರ ಅಂಕ ಕುಸಿದರೆ ಗಾಬರಿಯಾಗಬಾರದು. ಎದೆಮೂಳೆ ಕೂಡುವವರೆಗೆ ಹಾಗೇ ಇರುತ್ತದೆ.

ನಾನು ಹೋಗುವ ಆಸ್ಪತ್ರೆಯಲ್ಲಿ ಇಂಥ ಫಾರ್ಮ್ ಕೊಡುವುದಿಲ್ಲ. ಏನು ಮಾಡಲಿ?

ಭೇಟಿಗೆ ಮುಂಚೆ ಒಂದು ಚೀಟಿ ಬರೆದುಕೊಳ್ಳಿ. ಕಳೆದ ಎರಡು ವಾರದಲ್ಲಿ ಎದೆನೋವು ಅಥವಾ ಏದುಸಿರು ಎಷ್ಟು ಸಲ ಬಂತು, ಏನು ಮಾಡುವಾಗ ಬಂತು. ರಾತ್ರಿ ಉಸಿರು ಕಟ್ಟಿ ಎದ್ದಿದ್ದೀರಾ. ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಆರು ತಿಂಗಳ ಹಿಂದೆ ಮಾಡುತ್ತಿದ್ದು ಈಗ ಬಿಟ್ಟಿರುವ ಕೆಲಸಗಳು ಯಾವುವು. ಚೀಟಿಯನ್ನು ಓದಿ ಹೇಳುವ ಬದಲು ವೈದ್ಯರ ಕೈಗೇ ಕೊಡಿ. ಅದರಲ್ಲಿ ಅಂಕವಿರುವುದಿಲ್ಲ, ಆದರೆ "ಪರವಾಗಿಲ್ಲ" ಎಂಬ ಉತ್ತರ ತಪ್ಪುತ್ತದೆ. ಹೊಸದಾಗಿ ಶುರುವಾದ, ವಿಶ್ರಾಂತಿಯಲ್ಲೂ ಬಿಡದ ಎದೆನೋವಿಗೆ, ಏಕಾಏಕಿ ಹೆಚ್ಚಿದ ಏದುಸಿರಿಗೆ ಈ ಚೀಟಿಯೂ ಬೇಡ, ಪ್ರಶ್ನಾವಳಿಯೂ ಬೇಡ, ತಕ್ಷಣ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು.

ಇವನ್ನು ಬಳಸಲು ಅನುಮತಿ ಬೇಕೇ?

ಸಿಯಾಟಲ್ ಮತ್ತು ಕಾನ್ಸಾಸ್ ಸಿಟಿ ಪ್ರಶ್ನಾವಳಿಗಳಿಗೆ ಹಕ್ಕುಸ್ವಾಮ್ಯವಿದೆ, ಪರವಾನಗಿ ಪಡೆಯಬೇಕು. ಇಕ್ಯೂ-5ಡಿ ಬಳಸಲು ಯೂರೋಕ್ವಾಲ್ ಸಂಸ್ಥೆಯಲ್ಲಿ ನೋಂದಾಯಿಸಬೇಕು. ಪಿಎಚ್‌ಕ್ಯೂ-9ನ್ನು ಯಾರ ಅನುಮತಿಯೂ ಇಲ್ಲದೆ ಬಳಸಬಹುದು. ವಿದ್ಯಾರ್ಥಿಗಳು ಪ್ರಬಂಧದ ಪ್ರಸ್ತಾವನೆ ಸಲ್ಲಿಸುವ ಮೊದಲೇ ಪರವಾನಗಿಗೆ ಬರೆದುಕೊಳ್ಳುವುದು ಒಳ್ಳೆಯದು. ದತ್ತಾಂಶ ಸಂಗ್ರಹಿಸಿ ಮುಗಿಸಿದ ಮೇಲೆ ಕೇಳಲು ಹೋದರೆ ಪೇಚಿಗೆ ಸಿಲುಕಬೇಕಾಗುತ್ತದೆ.